ಉತ್ತರವನ್ನು ನೋಡಿ ಪ್ರಶ್ನೆಪದ: ಇಂಗ್ಲಿಷಿನ ವಾಟ್, ವಿಚ್, ಹೂ, ಹೌಗಳ ಆಯ್ಕೆ



ದತ್ತಿ ಉಪನ್ಯಾಸಕ್ಕೆ ಒಬ್ಬ ದೊಡ್ಡ ಲೇಖಕರನ್ನೋ ಒಂದು ದೊಡ್ಡ ಕೃತಿಯನ್ನೋ ಆರಿಸಿಕೊಳ್ಳುವುದು ವಾಡಿಕೆ. ನಾನು ಇಂದು ಆರಿಸಿಕೊಂಡಿರುವುದು ಬೆರಳೆಣಿಕೆಯ ಕೆಲವು ಪದಗಳನ್ನು: ವಾಟ್, ವಿಚ್, ಹೂ, ಹೂಮ್, ವೈ, ವೇರ್, ವೆನ್, ಹೌ. ಇಂಗ್ಲಿಷ್ ಕಲಿಯಲು ಕುಳಿತ ಮಗುವಿಗೆ ಮೊದಲ ಕೆಲವು ಪಾಠಗಳಲ್ಲೇ ಪರಿಚಯವಾಗುವ ಪದಗಳಿವು. ಪದವಿ ಮುಗಿಸಿ ಸಂದರ್ಶನಕ್ಕೆ ಕುಳಿತವರನ್ನು ತಡವರಿಸುವಂತೆ ಮಾಡುವ ಪದಗಳೂ ಇವೇ. ಪ್ರತಿಯೊಂದರ ಅರ್ಥವೂ ಎಲ್ಲರಿಗೂ ಗೊತ್ತು. ಒಂದರ ಪಕ್ಕದಲ್ಲಿ ಇನ್ನೊಂದು ನಿಂತಾಗ ಯಾವುದನ್ನು ಎತ್ತಿಕೊಳ್ಳಬೇಕು ಎಂಬುದರಲ್ಲಿ ಅನುಮಾನ ಹುಟ್ಟುತ್ತದೆ. ‘ವಾಟ್ ಕಲರ್’ ಸರಿಯೋ ‘ವಿಚ್ ಕಲರ್’ ಸರಿಯೋ? ‘ಹೂ’ ಎನ್ನಬೇಕೋ ‘ಹೂಮ್’ ಎನ್ನಬೇಕೋ? ‘ಹೌ ಮಚ್’ ಎಲ್ಲಿ, ‘ಹೌ ಮೆನಿ’ ಎಲ್ಲಿ?

ನನ್ನ ಮಾತನ್ನು ನಾಲ್ಕು ಭಾಗಗಳಲ್ಲಿ ಮುಂದಿಡುತ್ತೇನೆ. ಮೊದಲನೆಯದು, ಎರಡೂ ಭಾಷೆಗಳ ಪ್ರಶ್ನೆಪದಗಳ ಕಟ್ಟೋಣ. ಎರಡನೆಯದು, ವಾಟ್ ಮತ್ತು ವಿಚ್. ಮೂರನೆಯದು, ಹೂ ಮತ್ತು ಹೂಮ್. ನಾಲ್ಕನೆಯದು, ನಮ್ಮ ‘ಎಷ್ಟು’, ‘ಹೇಗೆ’, ‘ಯಾಕೆ’ಗಳು ಇಂಗ್ಲಿಷಿಗೆ ಹೋದಾಗ ಎಷ್ಟು ಹೋಳಾಗುತ್ತವೆ ಎಂಬುದು. ಈ ನಾಲ್ಕರಲ್ಲೂ ನಾನು ಹೇಳಬಯಸುವ ಮಾತು ಒಂದೇ. ಕನ್ನಡದ ಪ್ರಶ್ನೆಪದವನ್ನು ನೋಡಿ ಇಂಗ್ಲಿಷಿನ ಪ್ರಶ್ನೆಪದವನ್ನು ಆರಿಸಲಾಗದು. ಬರಬೇಕಾದ ಉತ್ತರ ಎಂಥದು, ಕೇಳಿಸಿಕೊಳ್ಳುವವರಿಗೆ ಮೊದಲೇ ಏನು ಗೊತ್ತಿದೆ ಎಂಬ ಎರಡನ್ನು ನೋಡಿಯೇ ಆರಿಸಬೇಕು.

ಮೊದಲು ಕಟ್ಟೋಣದ ವಿಚಾರ.

ಕನ್ನಡದಲ್ಲಿ ಅಲ್ಲಿ, ಇಲ್ಲಿ, ಎಲ್ಲಿ. ಅಷ್ಟು, ಇಷ್ಟು, ಎಷ್ಟು. ಅಂಥ, ಇಂಥ, ಎಂಥ. ಹಾಗೆ, ಹೀಗೆ, ಹೇಗೆ ಎಂಬ ಮೂರು ಮೂರು ಪದಗಳ ಸಾಲುಗಳಿವೆ. ದೂರದ್ದಕ್ಕೆ ಅ, ಹತ್ತಿರದ್ದಕ್ಕೆ ಇ, ತಿಳಿಯದ್ದಕ್ಕೆ ಎ. ‘ಎಲ್ಲಿ’ ಎಂದು ಕೇಳಿದರೆ ‘ಅಲ್ಲಿ’ ಎಂಬ ಉತ್ತರ ಅದೇ ಅಚ್ಚಿನಿಂದ ಬರುತ್ತದೆ. ಇಂಗ್ಲಿಷಿನಲ್ಲೂ ಇಂಥದೇ ಸಾಲುಗಳಿವೆ. ವೇರ್ ಎಂದರೆ ದೇರ್, ವೆನ್ ಎಂದರೆ ದೆನ್, ವಾಟ್ ಎಂದರೆ ದ್ಯಾಟ್. ಹಿಂದೆ ಇನ್ನೂ ಎರಡು ಸಾಲುಗಳು ಬಳಕೆಯಲ್ಲಿದ್ದವು. ‘ಎಲ್ಲಿಗೆ’ ಎನ್ನಲು ವಿದರ್, ಅದಕ್ಕೆ ಜೊತೆಯಾಗಿ ಹಿದರ್, ದಿದರ್. ‘ಎಲ್ಲಿಂದ’ ಎನ್ನಲು ವೆನ್ಸ್, ಅದಕ್ಕೆ ಜೊತೆಯಾಗಿ ಹೆನ್ಸ್, ದೆನ್ಸ್. ಈಗ ವಿದರ್, ವೆನ್ಸ್‌ಗಳು ಹಳೆಯ ಪುಸ್ತಕಗಳಲ್ಲಿ ಉಳಿದಿವೆ. ಮಾತಿನಲ್ಲಿ ವೇರ್ ಒಂದೇ ಎಲ್ಲ ಕೆಲಸ ಮಾಡುತ್ತದೆ. ನಾವು ಎಲ್ಲಿ, ಎಲ್ಲಿಗೆ, ಎಲ್ಲಿಂದ ಎಂಬ ಮೂರನ್ನೂ ದಿನವೂ ಬಳಸುತ್ತಿದ್ದೇವೆ. ಪ್ರಶ್ನೆಗೂ ಉತ್ತರಕ್ಕೂ ಒಂದೇ ಆಕಾರ ಇರಬೇಕೆಂಬ ತಿಳಿವಳಿಕೆ ಎರಡೂ ಭಾಷೆಗಳ ಪದಗಳಲ್ಲೇ ಕೂತಿದೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ಮುಂದಿನ ಚರ್ಚೆಗೆಲ್ಲ ಇದೇ ಬುನಾದಿ.

ಇಂಗ್ಲಿಷಿನ ಈ ಪದಗಳು ಸಂಸ್ಕೃತದ ಕಃ, ಕಿಮ್, ಕದಾಗಳ ದೂರದ ನೆಂಟರು. ಮೂಲ ಇಂಡೋ-ಯುರೋಪಿಯನ್ ಭಾಷೆಯ ‘ಕ್ವ’ ಧ್ವನಿ ಜರ್ಮಾನಿಕ್ ಶಾಖೆಯಲ್ಲಿ ‘ಹ್ವ’ ಆಯಿತು. ಹಳೆಯ ಇಂಗ್ಲಿಷಿನಲ್ಲಿ ಇವನ್ನು ಎಚ್ ಮೊದಲು, ಡಬ್ಲ್ಯು ಆಮೇಲೆ ಇಟ್ಟು ಬರೆಯುತ್ತಿದ್ದರು. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಬಂದ ಲಿಪಿಕಾರರ ಕಾಲದಲ್ಲಿ ಆ ಎರಡು ಅಕ್ಷರಗಳು ಅದಲುಬದಲಾದವು. ಹೂ ಎಂಬಲ್ಲಿ ಡಬ್ಲ್ಯು ಬರೆಯುತ್ತೇವೆ, ಉಚ್ಚರಿಸುವುದಿಲ್ಲ. ಹೌ ಎಂಬಲ್ಲಿ ಪದದ ಮೊದಲಿಗೆ ಅದನ್ನು ಬರೆಯುವುದೂ ಇಲ್ಲ. ಆದರೂ ಎಲ್ಲವೂ ಒಂದೇ ಮನೆತನದವು.

ಕನ್ನಡದ ವಿದ್ವಾಂಸರಾದ ಡಿ.ಎನ್. ಶಂಕರ ಭಟ್ಟರು ಈ ವಿಷಯದಲ್ಲಿ ಜಗತ್ತಿನ ಭಾಷೆಗಳನ್ನು ಹೋಲಿಸಿ ನೋಡಿದವರು. ಸರ್ವನಾಮಗಳ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ 2004ರಲ್ಲಿ ಪ್ರಕಟಿಸಿತು. ಪ್ರಶ್ನೆಪದಗಳೇ ‘ಯಾರೋ’, ‘ಏನೋ’ ಎಂಬ ಅನಿಶ್ಚಿತ ಪದಗಳೂ ಆಗುವುದು ಏಕೆ ಎಂಬ ಒಗಟನ್ನು ಅವರು ಎತ್ತಿಕೊಂಡರು. ‘ಯಾರು ಬಂದರು?’ ಎಂಬುದು ಪ್ರಶ್ನೆ. ‘ಯಾರೋ ಬಂದರು’ ಎಂಬುದು ಹೇಳಿಕೆ. ಎರಡರಲ್ಲೂ ‘ಯಾರು’ ಎಂಬುದು ತಿಳಿಯದ ಒಂದು ಜಾಗವನ್ನು ಗುರುತಿಸುತ್ತದೆ. ಪ್ರಶ್ನೆಪದವೆಂದರೆ ಉತ್ತರಕ್ಕಾಗಿ ಬಿಟ್ಟ ಜಾಗ ಎಂಬ ಮಾತನ್ನು ಇದರಿಂದ ನಾವು ಕಲಿಯಬಹುದು. ಜಾಗದ ಅಳತೆ ತಪ್ಪಿದರೆ ಉತ್ತರವೂ ತಪ್ಪುತ್ತದೆ.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ. ವಾಟ್ ಮತ್ತು ವಿಚ್ ನಡುವಿನ ಆಯ್ಕೆ ಇಡೀ ವಿಷಯದ ತಿರುಳು.

ಶಾಲೆಯಲ್ಲಿ ವಾಟ್ ಎಂದರೆ ಏನು, ವಿಚ್ ಎಂದರೆ ಯಾವುದು ಎಂದು ಹೇಳಿಕೊಡುತ್ತೇವೆ. ತೊಂದರೆ ಶುರುವಾಗುವುದು ಇಲ್ಲಿಂದಲೇ. ಕನ್ನಡದಲ್ಲಿ ಏನು ಮತ್ತು ಯಾವ ಇವೆರಡರ ನಡುವಿನ ಗಡಿ ವ್ಯಾಕರಣದ ಗಡಿ. ‘ಏನು’ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುತ್ತದೆ: ಏನು ಬೇಕು, ಏನು ಮಾಡಿದೆ. ಮುಂದೆ ನಾಮಪದ ಬಂದರೆ ‘ಯಾವ’ ಬರಬೇಕು: ಯಾವ ಬಣ್ಣ, ಯಾವ ಪುಸ್ತಕ, ಯಾವ ಊರು. ಇಂಗ್ಲಿಷಿನ ಗಡಿ ಬೇರೆ ಕಡೆ ಇದೆ. ಅಲ್ಲಿ ವಾಟ್ ಒಂಟಿಯಾಗಿಯೂ ನಿಲ್ಲುತ್ತದೆ, ನಾಮಪದದ ಹಿಂದೆಯೂ ನಿಲ್ಲುತ್ತದೆ. ವಿಚ್ ಕೂಡ ಹಾಗೆಯೇ. ಅವೆರಡನ್ನು ಬೇರೆ ಮಾಡುವುದು ಅರ್ಥ. ಆಯ್ಕೆಯ ಬಯಲು ತೆರೆದಿದ್ದರೆ ವಾಟ್. ಆಯ್ಕೆಗೆ ಬೇಲಿ ಇದ್ದು, ಆ ಬೇಲಿಯೊಳಗೆ ಏನೇನಿದೆ ಎಂಬುದು ಕೇಳುವವರಿಗೂ ಹೇಳುವವರಿಗೂ ಗೊತ್ತಿದ್ದರೆ ವಿಚ್.

ಹೀಗಾಗಿ ನಮ್ಮ ‘ಯಾವ’ ಕೆಲವೊಮ್ಮೆ ವಾಟ್ ಆಗಬೇಕು, ಕೆಲವೊಮ್ಮೆ ವಿಚ್ ಆಗಬೇಕು. ‘ನಿನಗೆ ಯಾವ ಬಣ್ಣ ಇಷ್ಟ?’ ಎಂದು ಸುಮ್ಮನೆ ಕೇಳಿದರೆ ‘ವಾಟ್ ಕಲರ್ ಡು ಯು ಲೈಕ್?’ ಬಟ್ಟೆ ಅಂಗಡಿಯಲ್ಲಿ ಮೂರು ಸೀರೆಗಳನ್ನು ಹರಡಿಟ್ಟು ‘ಯಾವ ಬಣ್ಣ ಇಷ್ಟ?’ ಎಂದರೆ ‘ವಿಚ್ ಕಲರ್ ಡು ಯು ಲೈಕ್?’ ಕನ್ನಡದ ವಾಕ್ಯ ಎರಡು ಕಡೆಯೂ ಒಂದೇ. ಎದುರಿಗೆ ಸೀರೆ ಇದೆಯೋ ಇಲ್ಲವೋ ಎಂಬುದು ಇಂಗ್ಲಿಷಿನ ಪದವನ್ನು ನಿರ್ಧರಿಸುತ್ತದೆ.

ಇನ್ನೊಂದು ಉದಾಹರಣೆ ನೋಡೋಣ. ‘ಕರ್ನಾಟಕದ ರಾಜಧಾನಿ ಯಾವುದು?’ ಇದು ಕನ್ನಡದ ಸಹಜ ವಾಕ್ಯ. ‘ರಾಜಧಾನಿ ಏನು’ ಎಂದು ಯಾರೂ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ‘ವಾಟ್ ಈಸ್ ದ ಕ್ಯಾಪಿಟಲ್ ಆಫ್ ಕರ್ನಾಟಕ?’ ಎಂಬುದೇ ಸಹಜ. ರಾಜ್ಯಕ್ಕೆ ಇರುವ ರಾಜಧಾನಿ ಒಂದೇ, ಆರಿಸುವ ಮಾತೇ ಇಲ್ಲ. ‘ನಿಮ್ಮ ಊರು ಯಾವುದು?’ ಎಂಬ ನಮ್ಮ ಅಕ್ಕರೆಯ ಪ್ರಶ್ನೆಯನ್ನು ‘ವಿಚ್ ಈಸ್ ಯುವರ್ ನೇಟಿವ್ ಪ್ಲೇಸ್?’ ಎಂದು ನಾವು ಕೇಳುತ್ತೇವೆ. ನಮ್ಮ ದೇಶದೊಳಗೆ ಅದು ಎಲ್ಲರಿಗೂ ತಿಳಿಯುತ್ತದೆ. ಹೊರಗಿನವರ ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಬರುವುದು ವಾಟ್ ಕೂಡ ಅಲ್ಲ, ವೇರ್: ‘ವೇರ್ ಆರ್ ಯು ಫ್ರಮ್?’ ಉತ್ತರ ಒಂದು ಸ್ಥಳ, ಆದ್ದರಿಂದ ಸ್ಥಳದ ಪ್ರಶ್ನೆಪದ.

ಬೇಲಿ ಎಂದರೇನು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಸಿಇಟಿ ಪ್ರಶ್ನೆಪತ್ರಿಕೆಗಿಂತ ಒಳ್ಳೆಯ ಸಾಧನ ಬೇಕಿಲ್ಲ. ನಾಲ್ಕು ಆಯ್ಕೆಗಳನ್ನು ಕೊಟ್ಟು ಕೇಳುವ ಪ್ರಶ್ನೆ ‘ವಿಚ್ ಆಫ್ ದ ಫಾಲೋಯಿಂಗ್’ ಎಂದು ಶುರುವಾಗುತ್ತದೆ, ‘ವಾಟ್ ಆಫ್ ದ ಫಾಲೋಯಿಂಗ್’ ಎಂದು ಎಂದಿಗೂ ಆಗುವುದಿಲ್ಲ. ಕನ್ನಡದಲ್ಲಿ ‘ಈ ಕೆಳಗಿನವುಗಳಲ್ಲಿ ಯಾವುದು’ ಎಂದು ಅಚ್ಚಾಗುವ ವಾಕ್ಯವದು. ‘-ಗಳಲ್ಲಿ’ ಎಂಬ ಅರ್ಥ ಬಂತೆಂದರೆ ಬೇಲಿ ಬಂತು. ಬೇಲಿ ಬಂದರೆ ವಿಚ್ ಬಂತು. ‘ವಿಚ್ ಆಫ್ ಯು’, ‘ವಿಚ್ ಒನ್’ ಎಂಬ ಜೋಡಣೆಗಳು ಸರಿ. ವಾಟ್ ಆ ಜಾಗಕ್ಕೆ ಹೋಗಲಾರದು.

ಹಲ್ಲಿನ ವೈದ್ಯರು ‘ವಿಚ್ ಟೂತ್?’ ಎಂದೇ ಕೇಳುತ್ತಾರೆ. ಬಾಯಲ್ಲಿರುವ ಹಲ್ಲು ಹೆಚ್ಚೆಂದರೆ 32, ಅವು ಇಬ್ಬರ ಕಣ್ಣೆದುರಿಗೇ ಇವೆ. ಅದೇ ವೈದ್ಯರು ‘ವಾಟ್ ಮೆಡಿಸಿನ್ಸ್ ಆರ್ ಯು ಟೇಕಿಂಗ್?’ ಎಂದು ಕೇಳಿದರೆ ನೀವು ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂಬುದರ ಅಂದಾಜು ಅವರಿಗೆ ಇಲ್ಲ ಎಂದರ್ಥ. ನೀವು ಮಾತ್ರೆಯ ಎರಡು ಪಟ್ಟಿಗಳನ್ನು ಮೇಜಿನ ಮೇಲಿಟ್ಟ ಕ್ಷಣ ಪ್ರಶ್ನೆ ಬದಲಾಗುತ್ತದೆ: ಬೆಳಿಗ್ಗೆ ತಗೊಳ್ಳೋದು ಯಾವುದು, ‘ವಿಚ್ ಒನ್’?

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಬೇಲಿ ಎಂದರೆ ಎಣಿಕೆಗೆ ಸಿಗುವುದು ಎಂದಷ್ಟೇ ತಿಳಿಯಬಾರದು. ವಾರಕ್ಕೆ ಇರುವುದು 7 ದಿನ, ಆದರೂ ‘ಇವತ್ತು ಯಾವ ವಾರ?’ ಎನ್ನಲು ‘ವಾಟ್ ಡೇ ಈಸ್ ಇಟ್?’ ಎಂದೇ ಕೇಳುತ್ತಾರೆ. ಸಾಮಾನ್ಯವಾಗಿ ಎಣಿಸುವ ರಕ್ತದ ಗುಂಪುಗಳು 8, ಆದರೂ ‘ವಾಟ್ ಈಸ್ ಯುವರ್ ಬ್ಲಡ್ ಗ್ರೂಪ್?’ ಏಕೆಂದರೆ ಹೀಗೆ ಕೇಳುವವರು ಏಳನ್ನೋ ಎಂಟನ್ನೋ ಮುಂದಿಟ್ಟು ಆರಿಸಿ ಎನ್ನುತ್ತಿಲ್ಲ. ಒಂದು ಮಾಹಿತಿ ತುಂಬಿಕೊಡಿ ಎನ್ನುತ್ತಿದ್ದಾರೆ. ‘ನಿಮಗೆ ಯಾವ ದಿನ ಅನುಕೂಲ, ಸೋಮವಾರವೋ ಮಂಗಳವಾರವೋ?’ ಎಂದು ಆಯ್ಕೆಯನ್ನು ಮುಂದಿಟ್ಟರೆ ‘ವಿಚ್ ಡೇ’ ಬರುತ್ತದೆ. ಆದ್ದರಿಂದ ಲೆಕ್ಕ ಹಾಕಬೇಕಾದ್ದು ಎಣಿಕೆಯನ್ನಲ್ಲ, ಇಬ್ಬರ ನಡುವೆ ಹಂಚಿಕೆಯಾಗಿರುವ ಅರಿವನ್ನು.

ವಿದ್ವಾಂಸರೂ ಇದೇ ದಾರಿಯಲ್ಲಿ ಯೋಚಿಸಿದ್ದಾರೆ. ರಾಂಡಾಲ್ಫ್ ಕ್ವರ್ಕ್ ಮತ್ತು ಅವರ ಮೂವರು ಸಹಲೇಖಕರು 1985ರಲ್ಲಿ ಹೊರತಂದ ಇಂಗ್ಲಿಷಿನ ಬೃಹತ್ ವ್ಯಾಕರಣದಲ್ಲಿ ವಾಟ್ ಅನಿಶ್ಚಿತ, ವಿಚ್ ನಿಶ್ಚಿತ ಎಂದು ವಿಂಗಡಿಸಿದರು. ಡೇವಿಡ್ ಪೆಸೆಟ್ಸ್ಕಿ 1987ರ ಒಂದು ಪ್ರಬಂಧದಲ್ಲಿ ವಿಚ್ ಪ್ರಶ್ನೆಗಳು ಈಗಾಗಲೇ ನಡೆದ ಮಾತಿಗೆ ಗಂಟು ಹಾಕಿಕೊಂಡಿರುತ್ತವೆ ಎಂದು ವಿವರಿಸಿದರು. ‘ವಿಚ್ ಬುಕ್?’ ಎಂದು ಯಾರಾದರೂ ಥಟ್ಟನೆ ಕೇಳಿದರೆ, ಪುಸ್ತಕಗಳ ಪ್ರಸ್ತಾಪ ಮೊದಲೇ ಬಂದಿರಬೇಕು ಎಂದು ನಮಗೆ ಅನ್ನಿಸುವುದು ಇದರಿಂದಲೇ.

ವಿಚ್ ಪದದ ಹುಟ್ಟು ಈ ಚರ್ಚೆಗೆ ಒಂದು ಸ್ವಾರಸ್ಯವನ್ನು ಸೇರಿಸುತ್ತದೆ. ಹಳೆಯ ಇಂಗ್ಲಿಷಿನ ‘ಹ್ವಿಲ್ಚ್’ ಎಂಬ ರೂಪಕ್ಕೆ ‘ಯಾವ ರೂಪದ, ಎಂಥ’ ಎಂಬುದೇ ಮೂಲಾರ್ಥ. ಇಬ್ಬರಲ್ಲಿ ಯಾರು, ಎರಡರಲ್ಲಿ ಯಾವುದು ಎಂದು ಕೇಳಲು ಆಗ ಬೇರೆಯೇ ಪದವಿತ್ತು. ಇಂದಿನ ವೆದರ್ ಅದರ ಉಳಿಕೆ. 1611ರ ಇಂಗ್ಲಿಷ್ ಬೈಬಲಿನಲ್ಲೂ ವೆದರ್ ಪದ ‘ಎರಡರಲ್ಲಿ ಯಾವುದು’ ಎಂಬ ಅರ್ಥದಲ್ಲಿ ಬಂದಿದೆ. ಸಂಸ್ಕೃತ ಬಲ್ಲವರಿಗೆ ಕತರ, ಕತಮ ನೆನಪಾಗಬಹುದು: ಎರಡರಲ್ಲಿ ಯಾವುದು ಎನ್ನಲು ಕತರ, ಹಲವುಗಳಲ್ಲಿ ಯಾವುದು ಎನ್ನಲು ಕತಮ. ವೆದರ್ ಮತ್ತು ಕತರ ಒಂದೇ ಮೂಲದ ಪದಗಳು. ವೆದರ್ ಪ್ರಶ್ನೆಯ ಕೆಲಸ ಬಿಟ್ಟು ‘ಹೌದೋ ಇಲ್ಲವೋ’ ಎಂಬ ಅರ್ಥದ ಜೋಡಣೆಗೆ ಸರಿದ ಮೇಲೆ ಎರಡರ ಆಯ್ಕೆಯೂ ವಿಚ್ ಪಾಲಿಗೆ ಬಂತು.

ಈ ಕಷ್ಟ ನಮಗೆ ಮಾತ್ರ ಮೀಸಲಲ್ಲ. ವಿಲಿಯಂ ಕೇರಿ 1817ರಲ್ಲಿ, ಕಿಟ್ಟೆಲ್ 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣಗಳನ್ನು ಪ್ರಕಟಿಸಿದರು. ಅಂಥ ಪುಸ್ತಕ ಹಿಡಿದು ಕನ್ನಡ ಕಲಿಯುವವರಿಗೆ ತೊಡಕು ಎದುರು ದಿಕ್ಕಿನಿಂದ ಬರುತ್ತದೆ: ಅವರ ಒಂದೇ ವಾಟ್ ನಮ್ಮಲ್ಲಿ ಏನು, ಯಾವ ಎಂದು ಎರಡಾಗುತ್ತದೆ. ಎರಡು ಭಾಷೆಗಳ ಗಡಿಗಲ್ಲುಗಳು ಬೇರೆ ಬೇರೆ ಕಡೆ ನೆಟ್ಟಿವೆ ಎಂದು ಮೊದಲೇ ತಿಳಿಸಿದರೆ ಯಾವ ಕಡೆಯ ಕಲಿಯುವವರೂ ತಮ್ಮ ಬುದ್ಧಿಯನ್ನು ಹಳಿದುಕೊಳ್ಳಬೇಕಾಗುವುದಿಲ್ಲ.

ಈಗ ಮೂರನೆಯ ಭಾಗ, ಹೂ ಮತ್ತು ಹೂಮ್.

ವಿಭಕ್ತಿ ಬಲ್ಲ ಕನ್ನಡಿಗರಿಗೆ ಇದು ಸುಲಭವಾಗಬೇಕು. ಯಾರು ಎಂದರೆ ಹೂ. ಯಾರನ್ನು, ಯಾರಿಗೆ ಎಂದರೆ ಹೂಮ್. ‘ಯಾರು ಬಂದರು?’ ಎಂಬಲ್ಲಿ ಹೂ. ‘ಯಾರನ್ನು ನೋಡಿದಿರಿ?’ ಎಂಬಲ್ಲಿ ಬರವಣಿಗೆಯ ಇಂಗ್ಲಿಷ್ ಹೂಮ್ ಕೇಳುತ್ತದೆ. ಉತ್ತರವನ್ನು ಇಟ್ಟು ನೋಡುವ ನಮ್ಮ ಸೂತ್ರ ಇಲ್ಲೂ ನಡೆಯುತ್ತದೆ: ಉತ್ತರ ‘ಹೀ’ ಆದರೆ ಹೂ, ‘ಹಿಮ್’ ಆದರೆ ಹೂಮ್. ಹಿಮ್, ಹೂಮ್ ಎರಡರ ಕೊನೆಯಲ್ಲಿರುವ ಮಕಾರ ಹಳೆಯ ಇಂಗ್ಲಿಷಿನ ಚತುರ್ಥಿಯ ಗುರುತು. ದ್ವಿತೀಯೆಗೆ ಆಗ ‘ಹ್ವೊನೆ’ ಎಂಬ ಪ್ರತ್ಯೇಕ ರೂಪವಿತ್ತು. ಕಾಲಾನಂತರದಲ್ಲಿ ಚತುರ್ಥಿಯ ರೂಪವೇ ಅದರ ಜಾಗವನ್ನೂ ಆಕ್ರಮಿಸಿತು. ಅಂದರೆ ಹೂಮ್ ಹುಟ್ಟಿನಿಂದ ‘ಯಾರಿಗೆ’ಯ ಪದ, ಸಂಸ್ಕೃತದ ‘ಕಸ್ಮೈ’ಯ ನೆಂಟ.

ಆದರೆ ಇಲ್ಲೇ ಕನ್ನಡಿಗರಿಗೆ ಒಂದು ಗುಂಡಿ ಇದೆ. ಕನ್ನಡದಲ್ಲಿ ಬೇಕು, ಗೊತ್ತು, ಇಷ್ಟ, ಹಸಿವು, ಜ್ವರ ಇವೆಲ್ಲ ಚತುರ್ಥಿಯನ್ನು ಬೇಡುತ್ತವೆ. ಯಾರಿಗೆ ಕಾಫಿ ಬೇಕು? ಯಾರಿಗೆ ಉತ್ತರ ಗೊತ್ತು? ಯಾರಿಗೆ ಜ್ವರ? ವಿಭಕ್ತಿಯನ್ನು ನಂಬಿ ಇಲ್ಲಿ ಹೂಮ್ ಹಾಕಿದರೆ ವಾಕ್ಯ ಕೆಡುತ್ತದೆ. ಇಂಗ್ಲಿಷಿನಲ್ಲಿ ಬೇಕೆನ್ನುವವರು, ಬಲ್ಲವರು, ಜ್ವರ ಬಂದವರು ಎಲ್ಲರೂ ಕರ್ತೃಗಳೇ: ‘ಹೂ ವಾಂಟ್ಸ್ ಕಾಫಿ?’, ‘ಹೂ ನೋಸ್ ದ ಆನ್ಸರ್?’, ‘ಹೂ ಹ್ಯಾಸ್ ಎ ಫೀವರ್?’ ಉತ್ತರ ‘ಹೀ’ ಎಂದೇ ಬರುತ್ತದೆ. ಕನ್ನಡದ ಪ್ರತ್ಯಯ ನೋಡಿದವರು ಎಡವುತ್ತಾರೆ, ಇಂಗ್ಲಿಷಿನ ಉತ್ತರ ನೋಡಿದವರು ದಾಟುತ್ತಾರೆ.

ಇನ್ನು ಹೂಮ್ ಬಳಸಲೇಬೇಕೇ ಎಂಬ ಪ್ರಶ್ನೆ. ಇದು ಇಂಗ್ಲಿಷಿನವರ ಮನೆಯಲ್ಲೇ ಇನ್ನೂರೈವತ್ತು ವರ್ಷ ದಾಟಿದ ಚರ್ಚೆ. ರಾಬರ್ಟ್ ಲೌತ್ ಎಂಬ ಪಾದ್ರಿ 1762ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ, ಶೇಕ್ಸ್‌ಪಿಯರ್ ಕೂಡ ಹೂಮ್ ಇರಬೇಕಾದಲ್ಲಿ ಹೂ ಬರೆದಿದ್ದಾನೆ ಎಂದು ತೋರಿಸಿ ತಿದ್ದಿದರು. ಅಮೆರಿಕದ ನೋವಾ ವೆಬ್‌ಸ್ಟರ್ 1789ರಲ್ಲಿ ಜನ ಆಡುವ ಮಾತಿನ ಪರ ನಿಂತು, ಪ್ರಶ್ನೆಯ ಮೊದಲಲ್ಲಿ ಬರುವ ಹೂ ತಪ್ಪಲ್ಲ ಎಂದರು. ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ 1921ರಲ್ಲಿ, ಇನ್ನು ಒಂದೆರಡು ಶತಮಾನಗಳಲ್ಲಿ ಈ ಬಗೆಯ ಪ್ರಶ್ನೆಯಲ್ಲಿ ಹೂಮ್ ಎನ್ನುವವರೇ ಇರಲಾರರು ಎಂದು ಊಹಿಸಿದರು. ವಾಟ್, ವಿಚ್, ವೇರ್ ಯಾವುವೂ ವಿಭಕ್ತಿಗೆ ರೂಪ ಬದಲಿಸುವುದಿಲ್ಲ. ಅವುಗಳ ನಡುವೆ ಹೂಮ್ ಒಂಟಿಯಾಗಿದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಅವರು ಹಾಗೆಂದು ನೂರು ವರ್ಷ ಕಳೆದಿದೆ. ಮಾತಿನಲ್ಲಿ ‘ಹೂ ಡಿಡ್ ಯು ಸೀ?’ ಎಂಬುದೇ ಸಾಮಾನ್ಯ. ಔಪಚಾರಿಕ ಬರವಣಿಗೆಯಲ್ಲಿ, ಅದರಲ್ಲೂ ಟು, ಫಾರ್, ವಿತ್ ಮುಂತಾದ ಪದಗಳು ಮೊದಲೇ ಬಂದಾಗ, ಹೂಮ್ ಗಟ್ಟಿಯಾಗಿ ಉಳಿದಿದೆ. ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಮಾತಿನಲ್ಲಿ ಹೂ ಎಂದರೆ ಅಳುಕು ಬೇಡ, ಅರ್ಜಿಯಲ್ಲಿ, ಪ್ರಬಂಧದಲ್ಲಿ ‘ಟು ಹೂಮ್’, ‘ವಿತ್ ಹೂಮ್’ ಎಂದು ಬರೆಯುವ ಶಿಸ್ತು ಇರಲಿ.

ಜನರನ್ನು ಕುರಿತೇ ಇನ್ನೆರಡು ಮಾತು. ‘ನಿಮ್ಮಲ್ಲಿ ಯಾರು?’ ಎನ್ನುವಾಗ ಬೇಲಿ ಬಂದಿತಲ್ಲ, ಅಲ್ಲಿ ‘ವಿಚ್ ಆಫ್ ಯು’ ಎನ್ನುವುದು ರೂಢಿ. ನಮ್ಮ ಕಿವಿಗೆ ವಿಚ್ ಎಂದರೆ ಯಾವುದು, ಮನುಷ್ಯರನ್ನು ವಸ್ತುವಿನಂತೆ ಕಂಡಂತೆ ಎಂದು ಸಂಕೋಚವಾಗುತ್ತದೆ. ‘ಯಾವನು’, ‘ಯಾವಳು’ ಎಂಬ ಪದಗಳಲ್ಲಿರುವ ತಿರಸ್ಕಾರವನ್ನು ಬಲ್ಲವರು ನಾವು, ಆ ಸಂಕೋಚ ಸಹಜ. ಇಂಗ್ಲಿಷಿನ ವಿಚ್‌ಗೆ ಆ ಕೊಂಕು ಇಲ್ಲ. ಎರಡನೆಯದು ಫೋನಿನ ಮಾತು. ‘ಯಾರು ಮಾತಾಡೋದು?’ ಎಂಬ ನಮ್ಮ ಪ್ರಶ್ನೆಯಲ್ಲಿ ಒರಟುತನವಿಲ್ಲ. ಅದನ್ನು ‘ಹೂ ಆರ್ ಯು?’ ಎಂದರೆ ಆ ಕಡೆಯವರಿಗೆ ಗದರಿಸಿದಂತೆ ಕೇಳಿಸುತ್ತದೆ. ‘ಹೂ ಈಸ್ ಕಾಲಿಂಗ್?’ ಎಂಬುದು ಕನ್ನಡದ ಮೂಲಕ್ಕೂ ಹತ್ತಿರ, ಮರ್ಯಾದೆಗೂ ಹತ್ತಿರ.

ಇಲ್ಲಿಂದ ನಾಲ್ಕನೆಯ ಭಾಗಕ್ಕೆ ಸಾಗೋಣ: ಎಷ್ಟು, ಹೇಗೆ, ಯಾಕೆ.

‘ಎಷ್ಟು’ ನಮ್ಮ ಭಾಷೆಯ ಅತ್ಯಂತ ದುಡಿಯುವ ಪದಗಳಲ್ಲೊಂದು. ಎಷ್ಟು ಮಕ್ಕಳು, ಎಷ್ಟು ಹಾಲು, ಎಷ್ಟು ದೂರ, ಎಷ್ಟು ವಯಸ್ಸು, ಎಷ್ಟು ಹೊತ್ತು, ಗಂಟೆ ಎಷ್ಟು, ಬೆಲೆ ಎಷ್ಟು. ಎಲ್ಲಕ್ಕೂ ಒಂದೇ ಪದ. ಇಂಗ್ಲಿಷ್ ಇಲ್ಲಿ ಬಹಳ ಕಟ್ಟುನಿಟ್ಟು. ಸೇರಿನಿಂದ ಬಟ್ಟೆ ಅಳೆಯಲಾಗದು, ಗಜದಿಂದ ಅಕ್ಕಿ ಅಳೆಯಲಾಗದು ಎನ್ನುವ ಅಂಗಡಿಯವನ ಹಾಗೆ ಒಂದೊಂದು ಬಗೆಯ ಉತ್ತರಕ್ಕೆ ಒಂದೊಂದು ಮಾಪನ ಇಟ್ಟಿದೆ. ಎಣಿಸುವಂಥದಕ್ಕೆ ಹೌ ಮೆನಿ, ಎಣಿಸಲಾಗದ್ದಕ್ಕೆ ಹೌ ಮಚ್, ದೂರಕ್ಕೆ ಹೌ ಫಾರ್, ವಯಸ್ಸಿಗೆ ಹೌ ಓಲ್ಡ್, ಅವಧಿಗೆ ಹೌ ಲಾಂಗ್. ಗಂಟೆ ಎಷ್ಟು ಎನ್ನಲು ಹೌ ಬಾರದೇ ಬಾರದು, ‘ವಾಟ್ ಟೈಮ್ ಈಸ್ ಇಟ್?’ ಶೇಕಡಾ ಎಷ್ಟು ಎನ್ನಲೂ ‘ವಾಟ್ ಪರ್ಸೆಂಟೇಜ್’.

ಔಷಧದ ಚೀಟಿ ಹಿಡಿದು ಕೇಳುವ ಮೂರು ಪ್ರಶ್ನೆಗಳನ್ನು ನೆನೆಸಿಕೊಳ್ಳಿ. ಎಷ್ಟು ಮಾತ್ರೆ? ಎಷ್ಟು ಹೊತ್ತಿಗೊಂದು? ಎಷ್ಟು ದಿನ? ಕನ್ನಡದ ಒಂದು ಎಷ್ಟು ಇಂಗ್ಲಿಷಿನಲ್ಲಿ ಹೌ ಮೆನಿ, ಹೌ ಆಫನ್, ಹೌ ಲಾಂಗ್ ಎಂದು ಮೂರಾಗುತ್ತದೆ. ಹೊರದೇಶದಲ್ಲಿ ಮಗಳ ಮನೆಗೆ ಹೋದ ತಾಯಿಯೊಬ್ಬರು ಔಷಧದಂಗಡಿಯಲ್ಲಿ ಇವನ್ನು ಬೆರೆಸಿ ಕೇಳಿದರೆ ಉತ್ತರವೂ ಬೆರೆತೇ ಬರುತ್ತದೆ. ಪ್ರಶ್ನೆಪದದ ಆಯ್ಕೆ ಅಂಕಪಟ್ಟಿಯ ವಿಷಯ ಮಾತ್ರವಲ್ಲ ಎನ್ನುವುದು ಇದಕ್ಕೇ.

ಹೌ ಮಚ್, ಹೌ ಮೆನಿ ನಡುವಿನ ಗೊಂದಲಕ್ಕೆ ಕಾರಣ ಎಣಿಕೆಯ ತತ್ವ ತಿಳಿಯದಿರುವುದಲ್ಲ. ಯಾವುದು ಎಣಿಕೆಗೆ ಸಿಗುತ್ತದೆ ಎಂಬುದನ್ನು ಇಂಗ್ಲಿಷ್ ತನ್ನದೇ ರೀತಿಯಲ್ಲಿ ತೀರ್ಮಾನಿಸಿದೆ. ಕುರ್ಚಿಯನ್ನು ಎಣಿಸಬಹುದು, ಫರ್ನಿಚರನ್ನು ಎಣಿಸುವಂತಿಲ್ಲ. ಪೆಟ್ಟಿಗೆಯನ್ನು ಎಣಿಸಬಹುದು, ಲಗೇಜನ್ನು ಎಣಿಸುವಂತಿಲ್ಲ. ರೂಪಾಯಿಗೆ ಹೌ ಮೆನಿ, ಹಣಕ್ಕೆ ಹೌ ಮಚ್. ಅಡ್ವೈಸ್, ಇನ್ಫರ್ಮೇಶನ್, ಹೋಮ್‌ವರ್ಕ್ ಮೂರಕ್ಕೂ ಹೌ ಮಚ್. ಪರೀಕ್ಷೆಯ ಅಂಕಗಳಿಗೆ ಹೌ ಮೆನಿ. ನಮ್ಮಲ್ಲಿ ಹೌ ಮಚ್ ಎಂದು ಕೇಳಿಬರುವುದೇ ಹೆಚ್ಚು. ಇಂಥ ವಿಂಗಡಣೆ ಕನ್ನಡದ ಜಾಯಮಾನಕ್ಕೆ ತೀರಾ ಹೊರತಾದದ್ದೂ ಅಲ್ಲ. ಹಳಗನ್ನಡದಲ್ಲಿ ಪ್ರಮಾಣಕ್ಕೆ ಎನಿತು ಇದ್ದಂತೆ, ಎಷ್ಟು ಜನ ಎನ್ನಲು ಎನಿಬರ್ ಎಂಬ ಬೇರೆ ಪದವೇ ಇತ್ತು.

ಕನ್ನಡಕ್ಕೆ ಇರುವ, ಇಂಗ್ಲಿಷಿಗೆ ಇಲ್ಲದ ಒಂದು ಪ್ರಶ್ನೆಪದವನ್ನೂ ಇಲ್ಲಿ ಹೇಳಲೇಬೇಕು: ಎಷ್ಟನೆಯ. ‘ನೀನು ಎಷ್ಟನೇ ಕ್ಲಾಸು?’, ‘ಇವತ್ತು ಎಷ್ಟನೇ ತಾರೀಕು?’, ‘ಅವರು ಎಷ್ಟನೇ ಪ್ರಧಾನಿ?’ ಮೊದಲ ಎರಡನ್ನು ‘ವಿಚ್ ಕ್ಲಾಸ್’, ‘ವಾಟ್ ಈಸ್ ದ ಡೇಟ್’ ಎಂದು ದಾಟಿಸಬಹುದು. ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ನೇರವಾದ ದಾರಿಯೇ ಇಲ್ಲ. ಅವರಿಗಿಂತ ಮೊದಲು ಎಷ್ಟು ಪ್ರಧಾನಿಗಳಿದ್ದರು ಎಂದು ವಾಕ್ಯವನ್ನೇ ತಿರುಗಿಸಿ ಕೇಳಬೇಕು. ಪದ ಸಿಗದಿದ್ದಾಗ ಉತ್ತರವನ್ನು ಮೊದಲು ಊಹಿಸಿ, ಆ ಉತ್ತರ ಬರುವಂಥ ಬೇರೊಂದು ಪ್ರಶ್ನೆ ಕಟ್ಟುವುದೇ ಉಪಾಯ.

‘ಹೇಗೆ’ ಕೂಡ ಹೀಗೆಯೇ ಎರಡಾಗುತ್ತದೆ. ‘ನಿಮ್ಮ ಅಣ್ಣ ಹೇಗಿದ್ದಾರೆ?’ ಎಂದು ಕ್ಷೇಮ ಕೇಳಿದರೆ ‘ಹೌ ಈಸ್ ಯುವರ್ ಬ್ರದರ್?’ ಅವರನ್ನು ಒಮ್ಮೆಯೂ ನೋಡದವರು ನೋಡಲು ಹೇಗಿದ್ದಾರೆ ಎಂದರೆ ‘ವಾಟ್ ಡಸ್ ಹೀ ಲುಕ್ ಲೈಕ್?’ ಸ್ವಭಾವದಲ್ಲಿ ಎಂಥವರು ಎಂದರೆ ‘ವಾಟ್ ಈಸ್ ಹೀ ಲೈಕ್?’ ‘ನಿಮಗೆ ಹೇಗನ್ನಿಸುತ್ತದೆ?’ ಎಂದು ಅಭಿಪ್ರಾಯ ಕೇಳುವಾಗ ‘ವಾಟ್ ಡು ಯು ಥಿಂಕ್?’ ಎನ್ನಬೇಕು, ‘ಹೌ ಡು ಯು ಥಿಂಕ್’ ಎಂದರೆ ಯೋಚಿಸುವ ವಿಧಾನ ಕೇಳಿದಂತಾಗುತ್ತದೆ. ಉತ್ತರ ಒಂದು ವಿಧಾನವೋ ಸ್ಥಿತಿಯೋ ಆದರೆ ಹೌ; ವರ್ಣನೆಯೋ ಅಭಿಪ್ರಾಯವೋ ಆದರೆ ವಾಟ್.

ಇನ್ನು ‘ಯಾಕೆ’. ಇಂಗ್ಲಿಷಿನ ವೈ ಹಳೆಯ ಕಾಲದಲ್ಲಿ ವಾಟ್ ಪದದ ತೃತೀಯಾ ರೂಪವಾಗಿತ್ತು, ‘ಯಾವುದರಿಂದ’ ಎಂಬ ಅರ್ಥದ್ದು. ನಮ್ಮ ಏಕೆಯಲ್ಲಿ ಚತುರ್ಥಿಯ ‘ಕೆ’ ಇದೆ, ‘ಏತಕ್ಕೆ’ ಎಂಬ ಅರ್ಥ. ಅವರದು ಕಾರಣದ ಕಡೆಯಿಂದ ಹುಟ್ಟಿದ್ದು, ನಮ್ಮದು ಉದ್ದೇಶದ ಕಡೆಯಿಂದ. ಇಂದು ಎರಡು ಪದಗಳೂ ಎರಡು ಕೆಲಸವನ್ನೂ ಮಾಡುತ್ತವೆ. ಆದರೆ ಯಾಕೆ ಎಂಬ ಪ್ರಶ್ನೆಗೆ ಎರಡೂ ಭಾಷೆಗಳಲ್ಲಿ ಸ್ವಲ್ಪ ಚುರುಕು ಇದೆ. ಮನೆಗೆ ಬಂದವರನ್ನು ‘ಯಾಕೆ ಬಂದಿರಿ?’ ಎಂದು ನಾವು ಕೇಳುವುದಿಲ್ಲ, ‘ಏನು ಬಂದಿದ್ದು?’, ‘ಏನು ಸಮಾಚಾರ?’ ಎನ್ನುತ್ತೇವೆ. ಇಂಗ್ಲಿಷಿನವರೂ ‘ವಾಟ್ ಬ್ರಿಂಗ್ಸ್ ಯು ಹಿಯರ್?’ ಎಂದು ವೈ ಬಿಟ್ಟು ವಾಟ್ ಹಿಡಿಯುತ್ತಾರೆ. ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಎನ್ನಬಾರದು ಎಂದು ‘ದೂರ ಹೊರಟಿರಾ?’ ಎಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ಎದುರಿನವರನ್ನು ನೋಡಿ ಪ್ರಶ್ನೆಪದ ಆರಿಸುವ ಈ ಸೂಕ್ಷ್ಮ ನಮಗೆ ಹೊಸದಲ್ಲ. ಅದನ್ನೇ ಇಂಗ್ಲಿಷಿಗೂ ಒಯ್ಯಬೇಕು.

ಪದಗಳ ಕ್ರಮದ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಕನ್ನಡದ ಪ್ರಶ್ನೆಪದ ಉತ್ತರ ಬರುವ ಜಾಗದಲ್ಲೇ ಕೂರುತ್ತದೆ: ‘ನೀವು ಎಲ್ಲಿಗೆ ಹೋಗಿದ್ದಿರಿ?’, ‘ನಾನು ಮೈಸೂರಿಗೆ ಹೋಗಿದ್ದೆ’. ಇಂಗ್ಲಿಷಿನಲ್ಲಿ ಅದು ವಾಕ್ಯದ ಮೊದಲಿಗೆ ಸರಿಯುತ್ತದೆ, ಹಿಂದೆಯೇ ಸಹಾಯಕ ಕ್ರಿಯಾಪದ ಬರುತ್ತದೆ: ‘ವೇರ್ ಡಿಡ್ ಯು ಗೋ?’ ಪ್ರಶ್ನೆಪದವೇ ಕರ್ತೃವಾದಾಗ ಮಾತ್ರ ಈ ಸಹಾಯ ಬೇಡ: ‘ಹೂ ಕೇಮ್?’

ಸಭಿಕರೇ, ಈ ನಾಲ್ಕು ಭಾಗಗಳಿಂದ ನಮ್ಮ ತರಗತಿಗೆ ಏನು ಸಿಗಬೇಕು ಎಂದು ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಆರಂಭವಾದಂದಿನಿಂದ ಶಿಕ್ಷಕರ ತರಬೇತಿಗೆ ದುಡಿದಿದೆ. ಅಲ್ಲಿ ಕಲಿತು ಹಳ್ಳಿಯ ಶಾಲೆಗಳಲ್ಲಿ ಶ್ರದ್ಧೆಯಿಂದ ಕಲಿಸುತ್ತಿರುವವರನ್ನು ನಾನು ಬಲ್ಲೆ. ಆದರೂ ನಮ್ಮ ತರಗತಿಗಳ ಒಂದು ರೂಢಿ ಬದಲಾಗಿಲ್ಲ. ಅಲ್ಲಿ ಪ್ರಶ್ನೆ ಕೇಳುವವರು ಮೇಷ್ಟ್ರು, ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ. ಮಗುವಿನ ಪಾಲಿಗೆ ಉಳಿಯುವುದು ಉತ್ತರ. ವರ್ಷಾನುಗಟ್ಟಲೆ ಇಂಗ್ಲಿಷ್ ಓದಿಯೂ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳದೆ ಶಾಲೆ ಮುಗಿಸುವ ಮಕ್ಕಳಿದ್ದಾರೆ. ಕೇಳಿ ಅಭ್ಯಾಸವಿಲ್ಲದವರಿಗೆ ಪ್ರಶ್ನೆಪದಗಳು ಹೇಗೆ ಒಲಿಯಬೇಕು? ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ನ್ಯಾಯಾಲಯದಲ್ಲಿ, ಕೆಲಸದ ಮೊದಲ ದಿನ ನಮ್ಮ ಮಕ್ಕಳಿಗೆ ಬೇಕಾಗುವುದು ಉತ್ತರ ಹೇಳುವ ಇಂಗ್ಲಿಷಿಗಿಂತ ಹೆಚ್ಚಾಗಿ ಕೇಳಿ ತಿಳಿದುಕೊಳ್ಳುವ ಇಂಗ್ಲಿಷ್.

ಆದ್ದರಿಂದ ಅಧ್ಯಾಪಕರಲ್ಲಿ ನನ್ನ ಕೋರಿಕೆ ಮೂರು. ವಾಟ್ ಎಂದರೆ ಏನು, ವಿಚ್ ಎಂದರೆ ಯಾವುದು ಎಂಬ ಪಟ್ಟಿಯನ್ನು ಕೈಬಿಡೋಣ. ಪದಗಳನ್ನು ಜೋಡಿಯಾಗಿ, ಸನ್ನಿವೇಶದೊಂದಿಗೆ ಕಲಿಸೋಣ. ಎರಡನೆಯದಾಗಿ, ಉತ್ತರವನ್ನು ಕಪ್ಪುಹಲಗೆಯ ಮೇಲೆ ಮೊದಲು ಬರೆದು, ಈ ಉತ್ತರ ಬರಬೇಕಾದರೆ ಏನೆಂದು ಕೇಳಬೇಕು ಎಂದು ಮಕ್ಕಳಿಂದ ಹೊರಡಿಸೋಣ. ಮೂರನೆಯದಾಗಿ, ಪ್ರತಿ ಪಾಠದ ಕೊನೆಗೆ ಕೆಲವು ನಿಮಿಷ ಮಕ್ಕಳೇ ಕೇಳಲಿ, ನಾವು ಉತ್ತರಿಸೋಣ. ಪದ ತಪ್ಪಿದರೂ ಪ್ರಶ್ನೆಯನ್ನು ತಡೆಯದಿರೋಣ, ಉತ್ತರ ಹೇಳಿದ ಮೇಲೆ ತಿದ್ದೋಣ. ಸರಿಯಾದ ಪ್ರಶ್ನೆ ಕೇಳಲು ಕಲಿತ ವಿದ್ಯಾರ್ಥಿ ಉಳಿದ ಇಂಗ್ಲಿಷನ್ನು ಕೇಳಿ ಕೇಳಿಯೇ ಕಲಿತುಕೊಳ್ಳುತ್ತಾನೆ, ಕಲಿತುಕೊಳ್ಳುತ್ತಾಳೆ ಎಂಬ ನಂಬಿಕೆ ನನ್ನದು.